ಇಲಿಯಿಂದ ಇಡ್ಲಿಗೆ: ಮುಂಬಯಿಯಲ್ಲಿ ಪ್ರಶ್ನೆ ಮಾರಿದ ನನ್ನ ಅನುಭವ

ಹೋದ ಡಿಸೆಂಬರಿನ ಒಂದು ಭಾನುವಾರ. ಮಾಟುಂಗಾದಲ್ಲಿ 22 ಜನ ಇಡ್ಲಿ ತಿಂದು, ಕೈ ತೊಳೆದು, ಮನೆಗೆ ಹೋಗದೆ ಫುಟ್‌ಪಾತಿನಲ್ಲೇ ನಿಂತು ಜಗಳ ಆಡುತ್ತಿದ್ದರು. ಜಗಳ ಯಾವುದರ ಬಗ್ಗೆ ಅಂದರೆ 1896ರ ಪ್ಲೇಗಿನ ಬಗ್ಗೆ. ಒಬ್ಬೊಬ್ಬರೂ ನನಗೆ 350 ರೂಪಾಯಿ ಕೊಟ್ಟು ನನ್ನ ಭಾನುವಾರದ ನಡಿಗೆಗೆ ಬಂದವರು: ಒಂದು ಪ್ರಶ್ನೆ ಹಿಡಿದು ಮುಂಬಯಿಯ ಹಳೇ ಜಾಗಗಳಲ್ಲಿ ಉತ್ತರ ಹುಡುಕುತ್ತಾ ನಡೆಯುವುದು. ಪಕ್ಕದಲ್ಲಿ ನಮ್ಮ ಶೆಟ್ರು ನಿಂತಿದ್ದರು. ಶುರುವಿನಲ್ಲಿ ಇದೇ ಶೆಟ್ರು, "ಪ್ರಶ್ನೆಗೆಲ್ಲ ಯಾರು ದುಡ್ಡು ಕೊಡ್ತಾರೆ ಮಾರಾಯ? ಮುಂಬಯಿ ಕನ್ನಡಿಗರಿಗೆ ಯಕ್ಷಗಾನ ಸಾಕು, ಸತ್ಯನಾರಾಯಣ ಪೂಜೆ ಸಾಕು" ಎಂದಿದ್ದರು. ಅವತ್ತು ಹಲ್ಲಿಗೆ ಕಡ್ಡಿ ಹಾಕುತ್ತಾ ಮೆಲ್ಲಗೆ ಕೇಳಿದರು: "ಮುಂದಿನದು ಯಾವಾಗ?"

ಆ ಒಂದು ಮಾತಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ ಎಂದು ಒಪ್ಪಿಕೊಂಡುಬಿಡುತ್ತೇನೆ.

ನಾನು ಬೈಂದೂರು ಕಡೆಯವನು. 1987ರಲ್ಲಿ ಮುಂಬಯಿಗೆ ಬಂದೆ. ಹಗಲು ಫೋರ್ಟಿನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸಿದೆ, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿದೆ. ಆಮೇಲೆ ಬಲ್ಲಾರ್ಡ್ ಎಸ್ಟೇಟಿನ ಒಂದು ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿ ಲೆಕ್ಕ ಬರೆದೆ. 2016ರಲ್ಲಿ ಆಫೀಸು ಮುಚ್ಚಿತು. 2017ರಲ್ಲಿ ಈ ಭಾನುವಾರದ ನಡಿಗೆ ಶುರು ಮಾಡಿದೆ. ಊರಿನಲ್ಲಿ ಗುಂಪು ಕಟ್ಟಿಕೊಂಡು ಇಂಥ ನಡಿಗೆ ಮಾಡಿಸುವವರಿಗೆ, ಸಂಘಗಳಲ್ಲಿ ಕ್ವಿಜ್ ಮಾಡುವವರಿಗೆ ಇದು ಬರೆದದ್ದು. ಪೋಸ್ಟರ್, ವಾಟ್ಸಪ್ ಗ್ರೂಪು, ಯುಪಿಐ, ಕುತ್ತಿಗೆಗೆ ನೇತುಹಾಕುವ ಮೈಕು, ಇದೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಬಿಡುತ್ತೇನೆ.

ಮೊದಲ ನಡಿಗೆ ಉಚಿತ. ಹೆಸರು ಕೊಟ್ಟವರು 40ರ ಹತ್ತಿರ. ಬಂದವರು 6 ಜನ. ಅದರಲ್ಲಿ ಇಬ್ಬರು ನನ್ನ ಭಾವಂದಿರು. ಮೂರು ಗಂಟೆಯಲ್ಲಿ 20ಕ್ಕಿಂತ ಜಾಸ್ತಿ ಜಾಗ ತೋರಿಸಿದೆ. ವೀಟಿ ಸ್ಟೇಷನ್ನಿನ ಮುಂದೆ ನಿಂತು 1853ರ ಏಪ್ರಿಲ್ 16ರ ಮೊದಲ ರೈಲು, 14 ಡಬ್ಬಿ, 400 ಅತಿಥಿಗಳು, ಥಾಣೆಗೆ 34 ಕಿಲೋಮೀಟರ್, ಎಂಜಿನ್ನುಗಳ ಹೆಸರು ಸಾಹಿಬ್, ಸಿಂಧ್, ಸುಲ್ತಾನ್ ಎಂದು ಗಿಣಿಪಾಠ ಒಪ್ಪಿಸಿದೆ. ಹಾಡಿಲ್ಲದ ಹರಿಕಥೆ ಕೇಳುವ ಹಾಗೆ ಕೇಳಿದರು. ಏಷಿಯಾಟಿಕ್ ಲೈಬ್ರರಿಯ ಮೆಟ್ಟಿಲ ಮೇಲೆ ಒಬ್ಬ ಹಿರಿಯರು ಕೂತುಬಿಟ್ಟರು. ಕುಂದಾಪುರದವರು. ಬೆವರು ಒರೆಸಿಕೊಂಡು ಹೇಳಿದರು: "ಮಾಣಿ, ನೀನು ಹೇಳಿದ್ದೆಲ್ಲ ಸರಿಯೇ ಇರಬಹುದು. ಆದರೆ ನಾವು ಕೇಳಿದ್ದು ಯಾವುದು?"

ನನಗೆ ಆವಾಗ 46 ವರ್ಷ. ಮಾಣಿ ಎಂದರೂ ಬೇಜಾರಾಗಲಿಲ್ಲ. ಆ ಪ್ರಶ್ನೆ ಮಾತ್ರ ಚುಚ್ಚಿತು. ಕೇಳದವರಿಗೆ ಉತ್ತರ ಬಡಿಸುತ್ತಾ ಹೋಗಿದ್ದೆ, ಹಸಿವಿಲ್ಲದವರ ಎಲೆಗೆ ಅನ್ನ ಹಾಕಿದ ಹಾಗೆ.

ಬುದ್ಧಿ ಬರಲು ಆಮೇಲೂ ಎರಡು ವರ್ಷ ಹಿಡಿಯಿತು. ಎರಡನೇ ಸಲ 100 ರೂಪಾಯಿ ಇಟ್ಟೆ, 11 ಜನ ಬಂದರು. ಚಹಾ, ಬಿಸ್ಕತ್ತು, ಬಣ್ಣದ ನಕ್ಷೆ ಎಂದು ಖರ್ಚು 3,000 ದಾಟಿತು. ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ಕೇಳಿದಳು: "ಮತ್ತ ರೊಕ್ಕ ಕಳಕೊಂಡು ಬಂದ್ರೇನು?" ಅವಳು ಧಾರವಾಡದವಳು. ಈ ಮಾತು ಮನೆಯಲ್ಲಿ ಎಷ್ಟು ಸಲ ಕೇಳಿದೆನೋ ಲೆಕ್ಕ ಇಟ್ಟಿಲ್ಲ. 2020ರಲ್ಲಿ ಎಲ್ಲ ನಿಲ್ಲುವ ಹೊತ್ತಿಗೆ ಒಟ್ಟು 38-40 ಸಾವಿರ ಕೈಬಿಟ್ಟಿತ್ತು.

ದಾರಿ ತೋರಿಸಿದ್ದು ಒಂದು ಒಣಮೀನು.

ಬೊಂಬಿಲ್ ಗೊತ್ತಲ್ಲ? ಇಂಗ್ಲಿಷಿನವರು ಅದಕ್ಕೆ 'ಬಾಂಬೆ ಡಕ್' ಅನ್ನುತ್ತಾರೆ. ಬಾತುಕೋಳಿಗೂ ಈ ಮೀನಿಗೂ ಏನು ಸಂಬಂಧ? ಸಸೂನ್ ಡಾಕ್ ಎಂಬ ಮೀನು ಬಂದರಿನ ಹತ್ತಿರ ನಿಂತು ನಾನು ಜೋರಾಗಿ ಉತ್ತರ ಹೇಳಿದೆ. ಒಣ ಬೊಂಬಿಲನ್ನು ಟಪಾಲು ರೈಲಿನಲ್ಲಿ ಸಾಗಿಸುತ್ತಿದ್ದರು, ಆ 'ಬಾಂಬೆ ಡಾಕ್', ಅಂದರೆ ಬಾಂಬೆ ಟಪಾಲು, ಗಬ್ಬು ನಾರುತ್ತಿತ್ತು, 'ಡಾಕ್' ಹೋಗಿ 'ಡಕ್' ಆಯಿತು ಎಂದು. ಎಲ್ಲರೂ ನಕ್ಕರು. ಗುಂಪಿನಲ್ಲಿ ಒಬ್ಬರು ನಗಲಿಲ್ಲ. ಮಲ್ಪೆ ಕಡೆಯವರು, ಮೀನಿನ ವ್ಯಾಪಾರ ಮಾಡಿ ನಿವೃತ್ತರಾದವರು, ಓದುವ ಚಟ ಇರುವವರು. "ರೈಲು ಬಂದದ್ದು 1853ರಲ್ಲಿ ಅಂತ ನೀವೇ ಹೇಳಿದಿರಿ. ಆ ಹೆಸರು ಅದಕ್ಕಿಂತ ಎಷ್ಟೋ ಮೊದಲೇ ಇಂಗ್ಲಿಷಿನಲ್ಲಿ ಅಚ್ಚಾಗಿದೆ" ಎಂದರು. ಮನೆಗೆ ಹೋಗಿ ಹುಡುಕಿದೆ. ಅವರು ಹೇಳಿದ್ದೇ ಸರಿ. ರೈಲೇ ಇಲ್ಲದ ಕಾಲದ ಹೆಸರಿಗೆ ನಾನು ರೈಲಿನ ವಾಸನೆ ಹಚ್ಚಿದ್ದೆ.

ಎರಡು ದಿನ ಮುಖ ತೋರಿಸಲು ನಾಚಿಕೆ ಆಯಿತು. ಮೂರನೇ ದಿನ ಒಂದು ವಿಷಯ ಹೊಳೆಯಿತು. ಅವತ್ತಿನ ನಡಿಗೆಯಲ್ಲಿ ಜನ ನಿಜವಾಗಿ ಎಚ್ಚರವಾಗಿದ್ದದ್ದು ಆ ಐದು ನಿಮಿಷ ಮಾತ್ರ. ನಾನು ತಪ್ಪಿದಾಗ. ಎಲ್ಲರೂ ಒಪ್ಪಿಕೊಂಡ ಉತ್ತರ ಮುರಿದು ಬಿದ್ದಾಗ.

ಅಲ್ಲಿಂದ ನನ್ನ ಪದ್ಧತಿ ಬದಲಾಯಿತು. ಒಂದು ನಡಿಗೆಗೆ ಒಂದೇ ಪ್ರಶ್ನೆ. ಅದು ಎಂಥದ್ದಿರಬೇಕು ಅಂದರೆ, ಫೋನಿನಲ್ಲಿ ಹುಡುಕಿದರೆ ಮೊದಲು ತಪ್ಪು ಉತ್ತರವೋ ಅರ್ಧ ಉತ್ತರವೋ ಸಿಗಬೇಕು. ಪ್ರಶ್ನೆಯನ್ನು ಏಳು ದಿನ ಮೊದಲೇ ಕೊಡುತ್ತೇನೆ. ಉತ್ತರ ಕೊನೆಗೆ, ತಿಂಡಿಯ ಮೇಜಿನ ಮುಂದೆ. ನಡುವೆ ನಾನು ಸುಳಿವು ಮಾತ್ರ ಕೊಡುತ್ತೇನೆ, ಅದೂ ಕೈಯಲ್ಲಿ ಮುಟ್ಟುವಂಥದ್ದು: ಕಲ್ಲು, ಧಾನ್ಯ, ಹಳೇ ನಾಣ್ಯ, ಬೋರ್ಡು. ಮೊದಲು ಫೋನನ್ನೆಲ್ಲ ಚೀಲಕ್ಕೆ ಹಾಕಿಸಿ ನೋಡಿದ್ದೆ. ಯಾರೂ ಒಪ್ಪಲಿಲ್ಲ. ಒಬ್ಬರು ಅರ್ಧದಲ್ಲೇ ಮನೆಗೆ ಹೋದರು. ಈಗ "ಹುಡುಕಿ, ಧಾರಾಳವಾಗಿ ಹುಡುಕಿ" ಅನ್ನುತ್ತೇನೆ. ಜಾಸ್ತಿ ಹುಡುಕಿದವರೇ ಮೊದಲು ಬೀಳುತ್ತಾರೆ.

ಇನ್ನೊಂದು, ಡಬ್ಬಿ. ಹಳೇ ಹಾರ್ಲಿಕ್ಸ್ ಡಬ್ಬಿ. ಹೊರಡುವ ಮೊದಲು ಎಲ್ಲರೂ ತಮ್ಮ ಊಹೆಯನ್ನು ಚೀಟಿಯಲ್ಲಿ ಬರೆದು, ಮೇಲೆ 20 ರೂಪಾಯಿ ಇಟ್ಟು ಹಾಕಬೇಕು. ಹತ್ತಿರದ ಉತ್ತರಕ್ಕೆ ಅರ್ಧ, ಉಳಿದರ್ಧ ಬಡಿಸಿದ ಹುಡುಗರಿಗೆ. ಲಕ್ಷ ರೂಪಾಯಿ ಸಂಬಳದವರೂ ಆ 20 ರೂಪಾಯಿಗೆ ಪ್ರಾಣ ಬಿಡುತ್ತಾರೆ. ದುಡ್ಡು ಹಾಕಿದ ಮೇಲೆ ಪ್ರಶ್ನೆ ಅವರದ್ದಾಗುತ್ತದೆ, ನನ್ನದಲ್ಲ. ಏಷಿಯಾಟಿಕ್ ಮೆಟ್ಟಿಲಿನ ಹಿರಿಯರಿಗೆ ನಾನು ಕೊಟ್ಟ ಜವಾಬು ಈ ಡಬ್ಬಿ.

ಪ್ರಶ್ನೆ ಹುಟ್ಟಿಸುವುದು ಹೇಗೆ? ಲೆಕ್ಕ ಬರೆದವನಲ್ವಾ, ಯಾವುದನ್ನು ನೋಡಿದರೂ ಮೊದಲು ಕೇಳುವುದು "ಇದಕ್ಕೆ ದುಡ್ಡು ಯಾರದ್ದು?" ಎಂದು. ರಾಜಾಬಾಯಿ ಗಡಿಯಾರ ಗೋಪುರವನ್ನೇ ತಗೊಳ್ಳಿ. ಎಲ್ಲರೂ ಹೇಳುವ ಕಥೆ ತಾಯಿಯದು. ಸಾಹುಕಾರ ಪ್ರೇಮ್‌ಚಂದ್ ರಾಯ್‌ಚಂದ್ ದುಡ್ಡು ಕೊಟ್ಟರು, ಕಣ್ಣು ಕಾಣದ ತಾಯಿ ರಾಜಾಬಾಯಿಗೆ ಗಂಟೆಯ ಸದ್ದಿನಿಂದ ಊಟದ ಹೊತ್ತು ತಿಳಿಯಲಿ ಎಂದು. ಚೆಂದದ ಕಥೆ, ಇರಲಿ. ನಾನು ಕೇಳಿದ ಪ್ರಶ್ನೆ ಬೇರೆ: "ಈ ಗೋಪುರದಲ್ಲಿ ಧಾರವಾಡದ್ದು ಏನಿದೆ?"

ಚೀಟಿಗಳಲ್ಲಿ ಕಲ್ಲು ಎಂದಿತ್ತು, ಮೇಸ್ತ್ರಿ ಎಂದಿತ್ತು, ಒಬ್ಬರು ಪೇಢಾ ಎಂದೂ ಬರೆದಿದ್ದರು. ಉತ್ತರ ಹತ್ತಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಒಳಗಿನ ಯುದ್ಧ. ಲಂಕಾಶೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋಯಿತು. ಮುಂಬಯಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಆ ಹತ್ತಿಯಲ್ಲಿ ಒಂದು ಪಾಲು ಧಾರವಾಡ ಸೀಮೆಯದು. ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ. ಇಂಗ್ಲೆಂಡಿನ ಪೇಟೆಯಲ್ಲಿ 'ಕುಮಟಾ' ಅನ್ನುವುದೇ ಒಂದು ಹತ್ತಿಯ ಹೆಸರು. ಅದೇ ಹುಚ್ಚು ವ್ಯಾಪಾರದಲ್ಲಿ ರಾಯ್‌ಚಂದ್ ದುಡ್ಡು ಮಾಡಿದರು, ಗೋಪುರಕ್ಕೆ ಕೊಟ್ಟರು. ಯುದ್ಧ ಮುಗಿದದ್ದೇ ತಡ, 1865ರಲ್ಲಿ ಪೇಟೆ ಕುಸಿಯಿತು, ಅವರೂ ಬಿದ್ದರು. ಗೋಪುರ ಮಾತ್ರ ನಿಧಾನವಾಗಿ ಏರಿ 1878ರಲ್ಲಿ ಮುಗಿಯಿತು. ಇದನ್ನು ಹೇಳಿ ಮುಗಿಸಿದಾಗ ನನ್ನ ಹೆಂಡತಿ ಓವಲ್ ಮೈದಾನದ ಬೇಲಿ ಹಿಡಿದುಕೊಂಡು ಗೋಪುರವನ್ನೇ ನೋಡುತ್ತಾ ನಿಂತಳು. "ನಮ್ಮ ಅಜ್ಜಗೋಳ ಹತ್ತಿ ಅಂದಂಗಾತು" ಎಂದಳು. ಅಂದು ರೊಕ್ಕದ ಮಾತು ಎತ್ತಲಿಲ್ಲ.

ಅದೇ ಗೋಪುರದ ಎದುರು ನನ್ನ ಮಾನ ಹೋದ ಕಥೆಯೂ ಇದೆ. ಬಾಂಬೆ ಟೈಮ್ ನಿಮಗೆ ಗೊತ್ತು. 1906ರಲ್ಲಿ ಇಡೀ ದೇಶಕ್ಕೆ ಒಂದೇ ಸಮಯ ತಂದಾಗ ಮುಂಬಯಿ ಒಪ್ಪಲಿಲ್ಲ. ತನ್ನದೇ 39 ನಿಮಿಷ ಹಿಂದಿನ ಗಡಿಯಾರವನ್ನು ಹಿಡಿದುಕೊಂಡು ಕೂತಿತು. ಸ್ವಾತಂತ್ರ್ಯ ಬಂದ ಮೇಲೂ ಕೆಲವು ವರ್ಷ ಆ ಹಟ ಇತ್ತು. ಈ ಊರಿನ ಸೂರ್ಯ ಇನ್ನೂ ಬಾಂಬೆ ಟೈಮಿನಲ್ಲೇ ಇದ್ದಾನೆ, ತೋರಿಸುತ್ತೇನೆ ಎಂದು ಬಡಾಯಿ ಕೊಚ್ಚಿದೆ. ಮೈದಾನದಲ್ಲಿ ಒಂದು ಕೋಲು ನೆಟ್ಟು, ನೆರಳು ತೀರಾ ಗಿಡ್ಡ ಆಗುವುದು ಸರಿಯಾಗಿ 12:39ಕ್ಕೆ ಎಂದೆ. ನವೆಂಬರಿನ ಮೊದಲ ಭಾನುವಾರ. 12:30 ಆಗುವಷ್ಟರಲ್ಲಿ ನೆರಳು ಆಗಲೇ ಉದ್ದ ಆಗಲು ಶುರು! ಗುರುತುಗಳನ್ನು ನೋಡಿದರೆ ನಡುಹಗಲು 12:23ರ ಸುಮಾರಿಗೇ ಆಗಿಹೋಗಿತ್ತು. ಒಬ್ಬ ಕಾಲೇಜು ಹುಡುಗ "ಸೂರ್ಯ ವಿರಾರ್ ಫಾಸ್ಟ್ ಲೋಕಲ್ ಹಿಡಿದನೇನೋ ಅಂಕಲ್" ಎಂದ. ಅಷ್ಟರಲ್ಲಿ ಪಕ್ಕದ ಆಟದ ಚೆಂಡು ಬಂದು ಕೋಲನ್ನೇ ಉರುಳಿಸಿತು. ದೇವರು ದೊಡ್ಡವನು.

ತಪ್ಪು ಎಲ್ಲಿ? ಭೂಮಿಯ ದಾರಿ ಪೂರ್ತಿ ದುಂಡಗಿಲ್ಲ, ಅದರ ಅಚ್ಚೂ ವಾಲಿದೆ. ಹಾಗಾಗಿ ಸೂರ್ಯ ವರ್ಷವಿಡೀ ಗಡಿಯಾರದ ಜೊತೆ ನಡೆಯುವುದಿಲ್ಲ. ನವೆಂಬರಿನ ಶುರುವಿನಲ್ಲಿ 16 ನಿಮಿಷ ಮುಂದೆ, ಫೆಬ್ರುವರಿಯ ನಡುವೆ 14 ನಿಮಿಷ ಹಿಂದೆ. 39 ಅನ್ನುವುದು ಸರಾಸರಿ ಮಾತ್ರ. ಪುಸ್ತಕದಲ್ಲಿ ಓದಿದ್ದೆ, ಮೈದಾನದಲ್ಲಿ ಮರೆತೆ. ಈಗ ಆ ನಡಿಗೆಯನ್ನು ಏಪ್ರಿಲ್ 15 ಅಥವಾ ಡಿಸೆಂಬರ್ 25ರ ಆಸುಪಾಸಿಗೆ ಇಡುತ್ತೇನೆ. ಆಗ ಎರಡೂ ಸರಿಹೊಂದುತ್ತವೆ. ನೀವು ಮಾಡುವುದಾದರೆ ಇನ್ನೊಂದು ಮಾತು: ಗಿಡ್ಡ ನೆರಳನ್ನೇ ಕಾಯುತ್ತಾ ಕೂರಬೇಡಿ, ಆ ಹೊತ್ತಿಗೆ ಅದು ಅಲುಗಾಡುವುದೇ ಕಡಿಮೆ. ಕೋಲಿನ ಸುತ್ತ ಒಂದು ವೃತ್ತ ಎಳೆಯಿರಿ. ನೆರಳಿನ ತುದಿ ಅದನ್ನು ಮುಟ್ಟುವ ಎರಡೂ ಹೊತ್ತು ಬರೆದುಕೊಂಡು ನಡುವಿನ ಸಮಯ ತೆಗೆಯಿರಿ.

ಐಸಿನ ವಿಷಯಕ್ಕೆ ಬರುತ್ತೇನೆ. ಅದು ನನ್ನ ಮೆಚ್ಚಿನ ಪ್ರಶ್ನೆ, ಜೇಬಿಗೆ ಮಾತ್ರ ಭಾರ. 1834ರಲ್ಲಿ ಪಾರ್ಸಿ ಸಾಹುಕಾರ ಜಮ್‌ಶೇಟ್‌ಜಿ ಜೀಜೀಭಾಯ್ ಮುಂಬಯಿಯಲ್ಲಿ ಔತಣಕ್ಕೆ ಐಸ್ ಕ್ರೀಂ ಬಡಿಸಿದರು. ತಿಂದವರಿಗೆ ನೆಗಡಿ ಆಯಿತು ಎಂದು ಆಗಿನ ಪತ್ರಿಕೆ ಬರೆಯಿತು. ಐಸ್ ಮಾಡುವ ಯಂತ್ರ ಇಲ್ಲದ ಕಾಲದಲ್ಲಿ ಐಸ್ ಎಲ್ಲಿಂದ ಬಂತು? ಜನ ಹಿಮಾಲಯ ಅಂದರು. ಅಲ್ಲ, ಬಾಸ್ಟನ್ನಿಂದ. ಫ್ರೆಡ್ರಿಕ್ ಟ್ಯೂಡರ್ ಎಂಬ ವ್ಯಾಪಾರಿ ಅಲ್ಲಿಯ ಕೆರೆಗಳ ಗಡ್ಡೆ ಕತ್ತರಿಸಿ ಹಡಗಿಗೆ ತುಂಬುತ್ತಿದ್ದ. ನಾಲ್ಕು ತಿಂಗಳ ಸಮುದ್ರ, ಎರಡು ಸಲ ಭೂಮಧ್ಯರೇಖೆ ದಾಟಬೇಕು. 1833ರಲ್ಲಿ ಕಲ್ಕತ್ತೆಗೆ ಮೊದಲ ಹಡಗು ಬಂದಾಗ ಅರ್ಧಕ್ಕಿಂತ ಜಾಸ್ತಿ ಐಸು ಉಳಿದಿತ್ತು. ಗುಟ್ಟು ಎರಡು. ಒಂದು ಮರದ ಹೊಟ್ಟು, ಅಲ್ಲಿಯ ಗರಗಸದ ಗಿರಣಿಗಳ ಕಸ. ಇನ್ನೊಂದು ವ್ಯಾಪಾರದ್ದು. ಬಾಸ್ಟನ್ನಿಂದ ಇಂಡಿಯಾಕ್ಕೆ ಬರುವ ಹಡಗಿಗೆ ತುಂಬಲು ಸರಕು ಕಡಿಮೆ, ತೂಕಕ್ಕೆ ಕಲ್ಲು ಹೇರಬೇಕಿತ್ತು. ಕಲ್ಲಿನ ಬದಲು ಐಸು ಬಂತು. ಬಾಡಿಗೆ ಅಗ್ಗ.

ಇದನ್ನು ಮಾಡಿ ತೋರಿಸಬೇಕು ಅನ್ನಿಸಿತು. ಬೆಳಿಗ್ಗೆ ಐದಕ್ಕೆ ಭಾವೂಚಾ ಧಕ್ಕಾ ಬಂದರಿನಿಂದ ಐಸಿನ ದೊಡ್ಡ ಗಡ್ಡೆ ತಂದು ಎರಡು ತುಂಡು ಮಾಡಿಸಿದೆ. ಒಂದು ಬರೀ ತಟ್ಟೆಯಲ್ಲಿ, ಇನ್ನೊಂದು ಹೊಟ್ಟು ತುಂಬಿದ ಮರದ ಪೆಟ್ಟಿಗೆಯಲ್ಲಿ, ಮೇಲೆ ಗೋಣಿ. ಮೊದಲ ಸಲ ಪ್ಲೈವುಡ್ ಅಂಗಡಿಯ ಹೊಟ್ಟು ತಂದಿದ್ದೆ. ನುಣ್ಣಗೆ ಹಿಟ್ಟಿನ ಹಾಗಿತ್ತು. ಒದ್ದೆಯಾಗಿ ಕೆಸರಾಯಿತು, ಐಸೂ ಕರಗಿತು, ಟ್ಯಾಕ್ಸಿಯ ಡಿಕ್ಕಿಯೂ ಹಾಳಾಯಿತು. ಡ್ರೈವರ್ 500 ಕಿತ್ತುಕೊಂಡ. ಎರಡನೇ ಸಲ ದಪ್ಪ ಹೊಟ್ಟು ಹಾಕಿದೆ. ಏಪ್ರಿಲ್ ಬಿಸಿಲಿನಲ್ಲಿ ತಟ್ಟೆಯದ್ದು ಹತ್ತು ಗಂಟೆಗೆ ನೀರು. ಪೆಟ್ಟಿಗೆಯದ್ದು ಹನ್ನೊಂದೂವರೆಗೆ ತೆಗೆದಾಗ ಮುಕ್ಕಾಲು ಪಾಲು ಹಾಗೇ ಇತ್ತು. ಯಾವ ಮರದ ಹೊಟ್ಟು, ಕೆಳಗೆ ಏನು ಹಾಸಿದೆ ಎಂದು ಕೇಳಬೇಡಿ. ಮೂರು ಸಲ ಕೈ ಸುಟ್ಟುಕೊಂಡು, ಅಂದರೆ ತಣ್ಣಗೆ ಮಾಡಿಕೊಂಡು, ಕಲಿತದ್ದು ಅದು. ಹೇಳುವುದಿಲ್ಲ.

ಅಲಿಬಾಗಿನ ನಷ್ಟದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಪ್ರಶ್ನೆ ಚೆನ್ನಾಗಿತ್ತು: ಕೊಲಾಬಾದಲ್ಲಿ 1841ರಿಂದ ಭೂಮಿಯ ಅಯಸ್ಕಾಂತ ಶಕ್ತಿ ಅಳೆಯುತ್ತಿದ್ದವರು 1904ರಲ್ಲಿ ಯಾಕೆ ಸಮುದ್ರ ದಾಟಿ ಅಲಿಬಾಗಿಗೆ ಹೋದರು? ಮುಂಬಯಿಯಲ್ಲಿ ಕುದುರೆ ಟ್ರಾಂ ಹೋಗಿ ಕರೆಂಟಿನ ಟ್ರಾಂ ಬರುವುದಿತ್ತು. ಆ ಕರೆಂಟು ಅಳತೆಯ ಯಂತ್ರದ ಸೂಕ್ಷ್ಮ ಮುಳ್ಳುಗಳನ್ನು ಕೆಡಿಸುತ್ತದೆ. ಅಲ್ಲಿಯ ಮುಖ್ಯಸ್ಥ ನಾನಾಭಾಯ್ ಮೂಸ್ ಮೊದಲೇ ಜಾಗ ಹುಡುಕಿ, ಕಬ್ಬಿಣ ಸೇರದ ಕಲ್ಲು ಆರಿಸಿ ಹೊಸ ಕಟ್ಟಡ ಕಟ್ಟಿಸಿದರು. ಟ್ರಾಂ 1907ರಲ್ಲಿ ಓಡಿತು. ಇವತ್ತು ಟ್ರಾಂ ಇಲ್ಲ, ಅಲಿಬಾಗಿನ ಅಳತೆ ಇದೆ. ಹದಿನಾಲ್ಕು ಜನರನ್ನು ಗೇಟ್‌ವೇಯಿಂದ ಲಾಂಚಿನಲ್ಲಿ ಕರೆದುಕೊಂಡು ಹೋದೆ. ಒಳಗೆ ಹೋಗಲು ಮೊದಲೇ ಕೇಳಿಕೊಂಡಿರಬೇಕು ಅನ್ನುವುದು ತಲೆಗೇ ಹೊಳೆದಿರಲಿಲ್ಲ, ಅದೂ ಭಾನುವಾರ. ತಪ್ಪು ಪೂರ್ತಿ ನನ್ನದು. ಬೇಲಿ ನೋಡಿ ವಾಪಸ್ ಬಂದೆವು. ಅರ್ಧ ದುಡ್ಡು ಹಿಂದೆ ಕೊಟ್ಟೆ. 6,000 ಹೋಯಿತು.

ಕಾಸಿಲ್ಲದೆ ಆದ ಪ್ರಯೋಗ ಎಂದರೆ ಡೊಂಬಿವಲಿಯ ನಮ್ಮ ಭಟ್ಟರ ದೋಸೆ ಕಾವಲಿಯದು. ಕಾವಲಿಗೆ ನೀರು ಚಿಮುಕಿಸುತ್ತಾರಲ್ಲ, ಹದವಾದ ಕಾವಲಿಯಲ್ಲಿ ಹನಿ ಚುಂಯ್ ಎಂದು ಮಾಯ. ವಿಪರೀತ ಕಾದ ಕಾವಲಿಯಲ್ಲಿ ಅದೇ ಹನಿ ಮುತ್ತಿನ ಹಾಗೆ ಓಡಾಡುತ್ತದೆ, ಬೇಗ ಆರುವುದೇ ಇಲ್ಲ. ಹನಿಯ ಕೆಳಗೆ ಹಬೆಯ ಒಂದು ಪದರ ಹುಟ್ಟಿ ಅದನ್ನು ಎತ್ತಿ ಹಿಡಿಯುತ್ತದೆ. 1756ರಲ್ಲಿ ಲೈಡನ್‌ಫ್ರಾಸ್ಟ್ ಎಂಬ ಜರ್ಮನ್ ವೈದ್ಯ ಇದನ್ನು ಬರೆದಿಟ್ಟ. ಭಟ್ಟರು ಓದಿಲ್ಲ, ಆದರೆ ಹನಿ ಓಡಿದರೆ "ಈಗ ಹೊಯ್ದರೆ ಹಿಟ್ಟು ಹಿಡಿಯುವುದಿಲ್ಲ, ಎದ್ದು ಬರುತ್ತದೆ" ಎಂದು ಇನ್ನಷ್ಟು ನೀರು ಚೆಲ್ಲಿ ಪೊರಕೆಯಲ್ಲಿ ಒರೆಸುತ್ತಾರೆ. ವಾಚು ಹಿಡಿದು ನೋಡಿದೆ. ಹದದ ಕಾವಲಿಯಲ್ಲಿ ಎರಡು ಮೂರು ಸೆಕೆಂಡು, ಕಾದದ್ದರಲ್ಲಿ ಒಂದು ನಿಮಿಷದ ಹತ್ತಿರ. ಗಿರಾಕಿಗಳು ದೋಸೆಗೆ ಕಾಯುತ್ತಿದ್ದರು, ಭಟ್ಟರು ನನ್ನನ್ನು ಹೊರಗೆ ಹಾಕಿದರು.

ಇನ್ನು ಇಲಿ ಮತ್ತು ಇಡ್ಲಿ. ಪ್ರಶ್ನೆ ನೋಡಲು ಸಾದಾ: "ಇಷ್ಟು ಇಡ್ಲಿ ಹೋಟೆಲು ಮಾಟುಂಗಾದಲ್ಲೇ ಯಾಕೆ?" ಚೀಟಿಗಳಲ್ಲಿ ಯಾವಾಗಲೂ ಬರುವ ಉತ್ತರ: ದಕ್ಷಿಣದವರು ಅಲ್ಲಿ ಜಾಸ್ತಿ ಇದ್ದಾರೆ, ಅದಕ್ಕೆ. ಸರಿ, ಅವರು ಅಲ್ಲೇ ಯಾಕೆ ಜಾಸ್ತಿ? ಮದ್ರಾಸು ರೈಲು ದಾದರಿಗೆ ಬರುತ್ತದೆ, ದೇವಸ್ಥಾನ ಇದೆ, ಮಾರ್ಕೆಟ್ಟಿನಲ್ಲಿ ಬಾಳೆಎಲೆ ಸಿಗುತ್ತದೆ ಎಂದೆಲ್ಲ ಬರೆಯುತ್ತಾರೆ. ಬಾಳೆಎಲೆ ಬಂದದ್ದು ಜನ ಬಂದ ಮೇಲೆ ಅಲ್ವಾ?

ಎಂಟು ಗಂಟೆಗೆ ಮಸ್ಜಿದ್ ಸ್ಟೇಷನ್ನಿನಲ್ಲಿ ಸೇರುತ್ತೇವೆ. ಇಡ್ಲಿ ಎಂದು ಬಂದವರಿಗೆ ಅಲ್ಲಿ ಕಾಣುವುದು ಗೋಣಿ, ಕೈಗಾಡಿ, ಕಾಳಿನ ಧೂಳು. ನನ್ನ ಮೊದಲ ಸುಳಿವು ಒಂದು ಹಿಡಿ ಗೋಧಿ, ಎಲ್ಲರ ಕೈಗೂ. ಇದು ಮಾಂಡ್ವಿ. ಬಂದರಿನ ಪಕ್ಕದ ಧಾನ್ಯದ ಪೇಟೆ. 1896ರ ಸೆಪ್ಟೆಂಬರಿನಲ್ಲಿ ಇಲ್ಲೇ ಡಾಕ್ಟರ್ ಅಕಾಸಿಯೊ ವಿಯೆಗಾಸ್ ಎಂಬ ಗೋವಾದವರು ಪ್ಲೇಗನ್ನು ಗುರುತಿಸಿದರು. ಕಾಳಿದ್ದಲ್ಲಿ ಇಲಿ, ಇಲಿಯ ಮೈಮೇಲೆ ಚಿಗಟ. ಲಕ್ಷಾಂತರ ಜನ ಮುಂಬಯಿ ಬಿಟ್ಟು ಓಡಿದರು.

ಒಂದು ಸಲ ಇಲ್ಲಿ ಹುಬ್ಬಳ್ಳಿ ಕಡೆಯ ಅಜ್ಜಿಯೊಬ್ಬರು ನನ್ನ ಮಾತು ತಡೆದರು. "ನಮ್ಮ ಅವ್ವ ಹೇಳತಿದ್ಲು, ಇಲಿ ಬಿತ್ತಂದ್ರ ಊರು ಬಿಡಬೇಕು ಅಂತ. ಹೊಲದಾಗ ಗುಡಿಸಲಾ ಹಾಕ್ಕೊಂಡು ಇರತಿದ್ರಂತ." ನಾನು ಸುಮ್ಮನೆ ಅವರಿಗೇ ಮೈಕು ಕೊಟ್ಟೆ. ಚಿಗಟದಿಂದ ಪ್ಲೇಗು ಹರಡುತ್ತದೆ ಎಂದು ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1898ರಲ್ಲಿ. ಅದನ್ನೂ ಬಹಳ ಜನ ವರ್ಷಗಟ್ಟಲೆ ಒಪ್ಪಲಿಲ್ಲ. ಅಜ್ಜಿಯ ಅವ್ವನಿಗೆ ಚಿಗಟ ಗೊತ್ತಿರಲಿಲ್ಲ, ಸತ್ತು ಬಿದ್ದ ಇಲಿ ಗೊತ್ತಿತ್ತು.

ಆಮೇಲೆ ಸ್ಯಾಂಡ್‌ಹರ್ಸ್ಟ್ ರೋಡಿನವರೆಗೆ ನಡಿಗೆ. ಇಷ್ಟು ಅಗಲದ ನೇರ ರಸ್ತೆ ಈ ಇಕ್ಕಟ್ಟಿನ ನಡುವೆ ಹೇಗೆ ಬಂತು ಎಂದು ಕೇಳುತ್ತೇನೆ. ಪ್ಲೇಗಿನ ಭಯದಲ್ಲಿ 1898ರಲ್ಲಿ ಸರ್ಕಾರ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂದು ಮಾಡಿತು. ಅದು ಹಳೇ ಗಲ್ಲಿಗಳನ್ನು ಒಡೆದು ಸಮುದ್ರದ ಗಾಳಿ ಒಳಗೆ ಬರಲಿ ಎಂದು ರಸ್ತೆ ಸೀಳಿತು. ಅದೇ ಟ್ರಸ್ಟ್ ಊರಿನ ಉತ್ತರಕ್ಕೆ ಹೊಲಗದ್ದೆಗಳ ಜಾಗದಲ್ಲಿ ಗೆರೆ ಎಳೆದ ಹಾಗೆ ಬಡಾವಣೆ ಹಾಕಿತು: ದಾದರ್, ಮಾಟುಂಗಾ, ವಡಾಲಾ, ಸಾಯನ್. ಅಷ್ಟರಲ್ಲಿ ಲೋಕಲ್ ಬರುತ್ತದೆ, ಹತ್ತುತ್ತೇವೆ. ದಾರಿಯಲ್ಲಿ ಪರೇಲ್ ದಾಟುವಾಗ ಹಾಫ್ಕಿನ್ ಕಥೆ ಹೇಳುತ್ತೇನೆ. 1897ರ ಜನವರಿ 10ರಂದು ಪ್ಲೇಗಿನ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡ ಮನುಷ್ಯ. ಪಕ್ಕದ ಸೀಟಿನ ಅಪರಿಚಿತರೂ ಕಿವಿ ಕೊಡುತ್ತಾರೆ. ಒಬ್ಬರು ಕುರ್ಲಾದಲ್ಲಿ ಇಳಿಯಬೇಕಾದವರು ಮಾಟುಂಗಾದಲ್ಲೇ ಇಳಿದು ನಮ್ಮ ಜೊತೆ ಬಂದರು. ಟಿಕೆಟ್ ದುಡ್ಡೂ ಕೊಟ್ಟರು.

ಹೊಸ ಬಡಾವಣೆಯಲ್ಲಿ ಒಳಗೇ ನಲ್ಲಿ, ಶೌಚಾಲಯ ಇರುವ ಬಾಡಿಗೆ ಮನೆಗಳಾದವು. ಆ ಹೊತ್ತಿಗೆ ಇಂಗ್ಲಿಷು, ಟೈಪಿಂಗು, ಶಾರ್ಟ್‌ಹ್ಯಾಂಡು ಕಲಿತ ದಕ್ಷಿಣದ ಹುಡುಗರು ಗುಮಾಸ್ತರಾಗಿ ಬರುತ್ತಿದ್ದರು. ಸಂಬಳ ಕಡಿಮೆ, ಮರ್ಯಾದೆಯ ಮನೆ ಬೇಕು, ರೈಲು ಹತ್ತಿರ ಇರಬೇಕು. ಮಾಟುಂಗಾ ಸರಿಹೋಯಿತು. ಮದುವೆಯಾಗದ ಗುಮಾಸ್ತನಿಗೆ ಊಟ ಯಾರು ಹಾಕಬೇಕು? ಬೋರ್ಡಿಂಗು. ಉಡುಪಿ ಕಡೆಯವರು ಒಲೆ ಹಚ್ಚಿದರು. ಮಾಟುಂಗಾ ಸ್ಟೇಷನ್ ಪಕ್ಕದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು. ಹೀಗೆ ಮಾಂಡ್ವಿಯ ಇಲಿ ಬಿದ್ದು, ಮಾಟುಂಗಾದ ಇಡ್ಲಿ ಎದ್ದಿತು. ಇದನ್ನು ಹೇಳುವುದು ಮೊದಲ ಇಡ್ಲಿ ಮುಗಿದು ಎರಡನೆಯದಕ್ಕೆ ಚಟ್ನಿ ಬರುವ ನಡುವೆ. ಆ ಸಮಯ ಬಹಳ ಮುಖ್ಯ. ಹಸಿದವರಿಗೆ ಇಲಿಯ ಮಾತು ಬೇಡ, ಹೊಟ್ಟೆ ತುಂಬಿದವರಿಗೆ ನಿದ್ದೆ.

ಬೆಂಗಳೂರಿನವರು ಯಾರಾದರೂ ಇದ್ದರೆ ಮೇಲಿಂದ ಒಂದು ತುಪ್ಪ: ಮಲ್ಲೇಶ್ವರ, ಬಸವನಗುಡಿ ಹಾಕಿದ್ದೂ ಅದೇ 1898ರ ಪ್ಲೇಗಿನ ಹೊತ್ತಿನಲ್ಲಿ. ಮಲ್ಲೇಶ್ವರ ಮತ್ತು ಮಾಟುಂಗಾ ಒಂದೇ ಜ್ವರಕ್ಕೆ ಹುಟ್ಟಿದ ಅಕ್ಕತಂಗಿಯರು. ಡಿಸೆಂಬರಿನ ಜಗಳ ಶುರುವಾದದ್ದು ಅಲ್ಲಿಂದಲೇ. ಪ್ಲೇಗು ಇಲ್ಲದಿದ್ದರೂ ಊರು ಬೆಳೆಯುತ್ತಿತ್ತು, ಮಾಟುಂಗಾ ಆಗುತ್ತಿತ್ತು ಎಂದು ಒಬ್ಬರು. ಆಗುತ್ತಿತ್ತು, ಆದರೆ ಚಾಳುಗಳ, ಅಂದರೆ ಒಂದೊಂದೇ ಕೋಣೆಯ ಸಾಲುಮನೆಗಳ, ಮಾಟುಂಗಾ ಆಗುತ್ತಿತ್ತು ಎಂದು ಇನ್ನೊಬ್ಬರು. ನಾನು ಬಾಯಿ ಹಾಕಲಿಲ್ಲ. ಬಾಯಿ ಹಾಕದಿರಲು ಕಲಿತದ್ದಕ್ಕೆ ಏಳೆಂಟು ವರ್ಷ ಹಿಡಿಯಿತು.

ಒಬ್ಬ ಮೇಷ್ಟ್ರು, ಇಡ್ಲಿಯೇ ಪ್ಲೇಗಿನಿಂದ ಹುಟ್ಟಿತು ಅನ್ನುವ ಹಾಗೆ ಮಾತಾಡಬೇಡಿ, ಹತ್ತನೇ ಶತಮಾನದ ವಡ್ಡಾರಾಧನೆಯಲ್ಲೇ ಅದರ ಹೆಸರಿದೆ ಎಂದು ಕೆಣಕಿದರು. ಸರಿಯಾದ ಮಾತು. 1025ರ ಸುಮಾರಿನ ಲೋಕೋಪಕಾರ ಎಂಬ ಪುಸ್ತಕದಲ್ಲಿ ಮಾಡುವ ರೀತಿಯೂ ಇದೆ: ಬರೀ ಉದ್ದು, ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿ, ಇಂಗು, ಜೀರಿಗೆ, ಕೊತ್ತಂಬರಿ, ಮೆಣಸು ಸೇರಿಸಿ. ಅಕ್ಕಿಯ ಸುದ್ದಿಯೇ ಇಲ್ಲ. ಮನೆಯಲ್ಲಿ ಮಾಡಿಸಿದೆ. ವಡೆಯ ಹಿಟ್ಟನ್ನು ಹಬೆಯಲ್ಲಿ ಬೇಯಿಸಿದ ಹಾಗೆ, ಹಲ್ಲಿಗೆ ಅಂಟುತ್ತಿತ್ತು. ಮಗ ಸಾಸ್ ಹಚ್ಚಿಕೊಂಡು ತಿಂದ. ಎರಡನೇ ಸಲ ಮಾಡಲು ಹೆಂಡತಿ ಒಪ್ಪಲಿಲ್ಲ.

ದುಡ್ಡಿನ ಮಾತು, ಎಲ್ಲರೂ ಒಳಗೊಳಗೇ ಕೇಳುವುದು ಅದನ್ನೇ. ಈಗ ತಲೆಗೆ 350. 22 ಜನ ಬಂದರೆ 7,700. ತಿಂಡಿಗೆ ತಲೆಗೆ 110ರಂತೆ 2,400 ಚಿಲ್ಲರೆ. ಜೊತೆಗೆ ಬರುವ ಹುಡುಗನಿಗೆ 500. ರೈಲು, ಅಚ್ಚು, ಮೈಕಿನ ಸೆಲ್ಲು, ಗೋಧಿ, ಗೀದಿ ಎಂದು 700-800. ಉಳಿಯುವುದು ಸುಮಾರು 4,000. ತಿಂಗಳಿಗೆ ಎರಡು, ಮಳೆಗಾಲದ ನಾಲ್ಕು ತಿಂಗಳು ರಜೆ. ವರ್ಷಕ್ಕೆ ಅರವತ್ತು ಸಾವಿರದ ಆಚೆ ಈಚೆ. ಯಾರೂ ಇದರಿಂದ ಫ್ಲ್ಯಾಟು ಕೊಳ್ಳುವುದಿಲ್ಲ. ಆದರೆ ಹಳೇ 40 ಸಾವಿರ ಯಾವಾಗಲೋ ವಾಪಸ್ ಬಂದಿದೆ. 22ಕ್ಕಿಂತ ಜಾಸ್ತಿ ಜನ ತೆಗೆದುಕೊಳ್ಳುವುದಿಲ್ಲ. ಒಮ್ಮೆ 35 ಮಾಡಿದೆ. ಹಿಂದಿನವರು ತಮ್ಮದೇ ಹರಟೆಗೆ ಇಳಿದರು, ಹೋಟೆಲಿನವರು ಜಾಗ ಇಲ್ಲವೆಂದು ಅರ್ಧ ಜನರನ್ನು ಬಾಗಿಲಲ್ಲೇ ನಿಲ್ಲಿಸಿದರು. ಉಚಿತ ಅಂತೂ ಇನ್ನು ಯಾವತ್ತೂ ಇಲ್ಲ. ಪುಕ್ಕಟೆಗೆ ಹೆಸರು ಕೊಟ್ಟವನು ಮಳೆ ಬಂದರೂ ಬರುವುದಿಲ್ಲ, ಬಿಸಿಲು ಬಂದರೂ ಬರುವುದಿಲ್ಲ.

ಕೆಲವು ಬರೆದಿಲ್ಲ. ಮೊದಲ ಹತ್ತು ನಿಮಿಷದಲ್ಲಿ ಮೌನಿಗಳನ್ನು ಮಾತಾಡಿಸಲು ನಾನು ಮಾಡುವ ಒಂದು ಸಣ್ಣ ಕೆಲಸ ಇದೆ, ಅದನ್ನು ನೋಡಬೇಕಾದರೆ 350 ಕೊಟ್ಟು ಬನ್ನಿ. ಹಳೇ ವರದಿಗಳನ್ನು ಎಲ್ಲಿ ಕೂತು ಓದುತ್ತೇನೆ ಅನ್ನುವುದೂ ಹಾಗೇ. ಪುಣೆಯ ಇಬ್ಬರು ಗೆಳೆಯರು ಅಲ್ಲಿಯ ಪ್ಲೇಗು, 1897ರಲ್ಲಿ ನಡೆದ ಪ್ಲೇಗ್ ಅಧಿಕಾರಿ ರ‍್ಯಾಂಡ್ ಕೊಲೆ ಹಿಡಿದು ಇದೇ ರೀತಿ ಶುರು ಮಾಡುತ್ತಿದ್ದಾರೆ. ಡಬ್ಬಿ ಇಡಿ ಎಂದಿದ್ದೇನೆ, ಅವರು ಚೀಟಿ ಸಾಕು, ದುಡ್ಡು ಯಾಕೆ ಅನ್ನುತ್ತಿದ್ದಾರೆ. ನೋಡೋಣ.

ಮುಂದಿನ ಭಾನುವಾರದ್ದು ಹೊಸ ಪ್ರಶ್ನೆ. ಘಾಟ್‌ಕೋಪರಿನ ಒಂದು ಗೋಡೆಯ ಬಗ್ಗೆ ಎಂದಷ್ಟೇ ಹೇಳುತ್ತೇನೆ. ಈ ಸಲ ಡಬ್ಬಿ ಮೊದಲೇ ತೆರೆದಿಟ್ಟಿದ್ದೇನೆ, ಏಳು ಚೀಟಿ ಬಿದ್ದಿವೆ. ಶೆಟ್ರದ್ದು ಒಂದು, ಪೂರ್ತಿ ತಪ್ಪು. ಹೆಂಡತಿಯದ್ದು ಒಂದು, 20ರ ನೋಟು ಪಿನ್ ಹಾಕಿ. ಕದ್ದು ಬಿಡಿಸಿ ನೋಡಿದೆ. ಸರಿಯಾಗೇ ಬರೆದಿದ್ದಾಳೆ. ನಾನೇ ಒಂದು ತಿಂಗಳು ತಿಣುಕಿದ್ದು. ನನ್ನ ನೋಟ್‌ಬುಕ್ಕನ್ನು ಇನ್ನು ಮೇಲೆ ಬೀಗ ಹಾಕಿಡಬೇಕು.